ಅಮೆರಿಕದ ಜನಕ್ಕೆ ವಲಸಿಗರು ಬೇಕಾ, ಬೇಡವಾ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕಿ, ಊರು ತೀರ್ಥಹಳ್ಳಿ. ಮಗಳು, ಅಳಿಯ, ಮೊಮ್ಮಗ ನ್ಯೂಜೆರ್ಸಿಯಲ್ಲಿದ್ದಾರೆ. ಅಳಿಯನದು ಎಚ್-1ಬಿ, ಅಂದರೆ ಅಲ್ಲಿನ ಕಂಪನಿ ಕರೆಸಿಕೊಳ್ಳುವ ಕೆಲಸದ ವೀಸಾ, ಹೋಗಿ 9 ವರ್ಷವಾಯ್ತು. 2025ರ ಸೆಪ್ಟೆಂಬರ್‌ನಲ್ಲಿ ದಸರೆಗೆ ಅಂತ ಎಲ್ಲರೂ ಬಂದಿದ್ದರು. ಆ ವೀಸಾಕ್ಕೆ ಟ್ರಂಪ್ ಒಂದು ಲಕ್ಷ ಡಾಲರ್ ಶುಲ್ಕ ಹಾಕಿದ ಸುದ್ದಿ ಬಂದ ಶನಿವಾರವೇ ಅಳಿಯ ಸಿಕ್ಕ ಟಿಕೆಟ್ ಹಿಡಿದು ಹೊರಟುಬಿಟ್ಟರು. ಟಿವಿ ನೋಡಿದರೆ ಅಲ್ಲಿನ ಜನಕ್ಕೆ ಹೊರಗಿನವರನ್ನು ಕಂಡರೇ ಆಗೋದಿಲ್ಲ ಅನ್ನಿಸುತ್ತದೆ. ಮಗಳನ್ನು ಕೇಳಿದರೆ "ಹಾಗೇನಿಲ್ಲಮ್ಮ, ಅಕ್ಕಪಕ್ಕದವರು ಒಳ್ಳೆಯವರು" ಅಂತಾಳೆ. ಸಮೀಕ್ಷೆಗಳೂ ಹಾಗೆಯೇ. ಒಂದರಲ್ಲಿ ವಲಸೆ ಬೇಡ, ಇನ್ನೊಂದರಲ್ಲಿ ವಲಸೆ ಒಳ್ಳೆಯದು. ಯಾವುದನ್ನು ನಂಬಬೇಕು?

ಉತ್ತರ:

ಮೇಡಂ, ಟಿವಿ ಹೇಳುವುದೂ ನಿಜ, ಮಗಳು ಹೇಳುವುದೂ ನಿಜ. ಜಾರಿಕೊಳ್ಳುವ ಉತ್ತರ ಅಂದುಕೊಳ್ಳಬೇಡಿ, ಅಂಕಿ ಇಟ್ಟೇ ತೋರಿಸುತ್ತೇನೆ.

ಗ್ಯಾಲಪ್ ಅಂತ ಅಮೆರಿಕದ ಹಳೆಯ ಸಮೀಕ್ಷಾ ಸಂಸ್ಥೆ ಇದೆ. 1965ರಿಂದ ಅವರು ಒಂದು ಪ್ರಶ್ನೆಯನ್ನು ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಕೇಳಿಕೊಂಡು ಬಂದಿದ್ದಾರೆ. ದೇಶಕ್ಕೆ ಬರುವ ವಲಸೆ ಈಗಿರುವಷ್ಟೇ ಇರಲಾ, ಜಾಸ್ತಿ ಆಗಲಾ, ಕಡಿಮೆ ಆಗಲಾ? 2024ರ ಜೂನ್‌ನಲ್ಲಿ ಕೇಳಿದಾಗ ನೂರಕ್ಕೆ 55 ಮಂದಿ ಕಡಿಮೆ ಆಗಲಿ ಅಂದರು. 2001ರ ನಂತರ ಇಷ್ಟು ಜನ ಹಾಗೆ ಹೇಳಿದ್ದೇ ಇರಲಿಲ್ಲ. ಒಂದು ವರ್ಷ ಬಿಟ್ಟು, 2025ರ ಜೂನ್‌ನಲ್ಲಿ ಅದೇ ಪ್ರಶ್ನೆ ಕೇಳಿದರು. ಕಡಿಮೆ ಆಗಲಿ ಅಂದವರು 30. ಜೊತೆಗೆ, ವಲಸೆ ದೇಶಕ್ಕೆ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿದ್ದಕ್ಕೆ 79 ಮಂದಿ ಒಳ್ಳೆಯದು ಅಂದರು. ಆ ಪ್ರಶ್ನೆಯ ಮಟ್ಟಿಗೆ ಅದೊಂದು ದಾಖಲೆ.

12 ತಿಂಗಳಲ್ಲಿ 55ರಿಂದ 30ಕ್ಕೆ ಇಳಿಯುವುದು ಸಮೀಕ್ಷೆ ಓದುವ ನಮ್ಮ ಕಸುಬಿನಲ್ಲಿ ಭೂಕಂಪ ಇದ್ದ ಹಾಗೆ. ಬೇರೆ ವಿಷಯಗಳಲ್ಲಿ ಮೂರ್ನಾಲ್ಕು ಅಂಶ ಅಲುಗಿದರೆ ನಾವು ಅದರ ಮೇಲೆ ಒಂದು ಇಡೀ ಭಾಷಣ ಮಾಡುತ್ತೇವೆ. ಹಾಗಾದರೆ ಆ ಒಂದು ವರ್ಷದಲ್ಲಿ ಅಮೆರಿಕನ್ನರೆಲ್ಲ ಇದ್ದಕ್ಕಿದ್ದಂತೆ ಉದಾರಿಗಳಾಗಿಬಿಟ್ಟರಾ? ಇಲ್ಲ. ಗಡಿ ತಣ್ಣಗಾಯ್ತು, ಅಷ್ಟೇ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ನಮ್ಮ ಟಿವಿಗಳಲ್ಲಿ ಗಡಿ ಅಂದರೆ ಬೇಲಿ ಹಾರುವ ಕಳ್ಳರ ಚಿತ್ರವೇ ಬರುತ್ತದೆ. 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ಮೆಕ್ಸಿಕೊ ಕಡೆಯ ಗಡಿಯಲ್ಲಿ ಅಮೆರಿಕದ ಗಡಿ ಪೊಲೀಸರು ಹಿಡಿದವರು ಸುಮಾರು ಎರಡೂವರೆ ಲಕ್ಷ ಮಂದಿ. "ಹಿಡಿದವರು" ಅಂದೆ ನೋಡಿ, ಆ ಮಾತೇ ದಾರಿ ತಪ್ಪಿಸುತ್ತದೆ. ಬಹಳಷ್ಟು ಜನ ಓಡುತ್ತಲೇ ಇರಲಿಲ್ಲ. ಟೆಕ್ಸಾಸ್‌ನ ಈಗಲ್ ಪಾಸ್ ಅನ್ನೋ ಊರಿನ ಹತ್ತಿರ ರಿಯೋ ಗ್ರಾಂಡೆ ನದಿಯನ್ನು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಸೊಂಟದ ಮಟ್ಟದ ನೀರಿನಲ್ಲಿ ದಾಟಿ, ದಡ ಹತ್ತಿ, ಒದ್ದೆ ಬಟ್ಟೆಯಲ್ಲೇ ಸಾಲಾಗಿ ಕೂತು, ಪೊಲೀಸರು ಯಾವಾಗ ಬರುತ್ತಾರೋ ಅಂತ ಕಾಯುತ್ತಿದ್ದರು. ಪೊಲೀಸರು ಬಂದರೆ ಅವರಿಗೆ ಸಮಾಧಾನ. ಏಕೆಂದರೆ ಕಾನೂನಿನ ಪ್ರಕಾರ ಅಮೆರಿಕದ ನೆಲ ಮುಟ್ಟಿದವರು, ಹೇಗೇ ಬಂದಿರಲಿ, ನನ್ನ ದೇಶದಲ್ಲಿ ನನಗೆ ಅಪಾಯ ಇದೆ, ಆಶ್ರಯ ಕೊಡಿ ಅಂತ ಅರ್ಜಿ ಹಾಕಬಹುದಿತ್ತು. ಅರ್ಜಿ ನಿಜವಾ ಸುಳ್ಳಾ ಅಂತ ನೋಡೋದಕ್ಕೆ ವಲಸೆ ಕೋರ್ಟ್ ಇದೆ. ಆ ಕೋರ್ಟಿನಲ್ಲಿ 2024ರ ಕೊನೆಗೆ ಸುಮಾರು 37 ಲಕ್ಷ ಕೇಸು ಬಾಕಿ. ನಮ್ಮ ಕೋರ್ಟುಗಳ ಗತಿ ಗೊತ್ತಿರುವ ನಿಮಗೆ ಮುಂದಿನದು ನಾನು ಹೇಳಬೇಕಾಗಿಲ್ಲ. ವರ್ಷಗಟ್ಟಲೆ ಆಚೆಗಿನ ಒಂದು ತಾರೀಕು ಬರೆದುಕೊಟ್ಟು, ಅಲ್ಲಿಯತನಕ ದೇಶದೊಳಗೆ ಬಿಡುತ್ತಿದ್ದರು. ಅರ್ಜಿ ಹಾಕಿ 180 ದಿನ ಕಳೆದರೆ ಕೆಲಸ ಮಾಡುವ ಪರವಾನಗಿಯೂ ಸಿಗಬಹುದಿತ್ತು.

ಈ ದಾರಿ ಹಿಡಿದವರಲ್ಲಿ ನಮ್ಮ ದೇಶದವರೂ ಕಡಿಮೆಯಿರಲಿಲ್ಲ. 2023ರ ಸೆಪ್ಟೆಂಬರ್‌ಗೆ ಮುಗಿದ ಒಂದು ವರ್ಷದಲ್ಲಿ, ಕೆನಡಾ ಕಡೆಯ ಗಡಿಯನ್ನೂ ಸೇರಿಸಿದರೆ, ಸುಮಾರು 97,000 ಸಲ ಭಾರತೀಯರು ಸಿಕ್ಕಿಬಿದ್ದಿದ್ದಾರೆ. 2025ರ ಫೆಬ್ರವರಿ 5ರಂದು ಕೈಗೆ ಕೋಳ ಹಾಕಿ 104 ಮಂದಿಯನ್ನು ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದು ಇಳಿಸಿದ್ದು ನಿಮಗೆ ನೆನಪಿರಬಹುದು. ಹೆಚ್ಚಿನವರು ಪಂಜಾಬ್, ಹರಿಯಾಣ, ಗುಜರಾತಿನವರು. ಹೊಲ ಮಾರಿ ಏಜೆಂಟರಿಗೆ ಲಕ್ಷಾಂತರ ರೂಪಾಯಿ ಸುರಿದು ಹೋದವರು.

ಈಗ ಗಡಿಯಿಂದ ಸಾವಿರಾರು ಮೈಲಿ ದೂರ ಇರುವ ಸಾಮಾನ್ಯ ಅಮೆರಿಕನ್ ಜಾಗದಲ್ಲಿ ನಿಂತು ನೋಡಿ. ಅವರಿಗೆ ಕಾನೂನಿನ ಸೂಕ್ಷ್ಮ ಗೊತ್ತಿಲ್ಲ. ಕಾಣುವುದು ಇಷ್ಟೇ: ಬಾಗಿಲು ತೆರೆದಿದೆ, ಬಂದವರು ಬರುತ್ತಲೇ ಇದ್ದಾರೆ, ಬಾಗಿಲ ಹತ್ತಿರ ಕೇಳುವವರು ಯಾರೂ ಇಲ್ಲ. 2022ರ ಏಪ್ರಿಲ್‌ನಿಂದ ಟೆಕ್ಸಾಸ್ ಗವರ್ನರ್ ಗ್ರೆಗ್ ಅಬಾಟ್ ಹೀಗೆ ಬಂದವರನ್ನು ಬಸ್ಸು ಹತ್ತಿಸಿ ಮೊದಲು ವಾಷಿಂಗ್ಟನ್‌ಗೆ, ಆಮೇಲೆ ನ್ಯೂಯಾರ್ಕ್, ಷಿಕಾಗೊಗೆ ಕಳಿಸಲು ಶುರು ಮಾಡಿದರು. ರಾಜಕೀಯ ಕುಚೇಷ್ಟೆ ಅಂತ ಎಲ್ಲರೂ ಬೈದರು. ನಾನೂ ಬೈದೆ. ಆದರೆ ಕೆಲಸ ಮಾಡಿತು. ಎರಡು ವರ್ಷದಲ್ಲಿ ನ್ಯೂಯಾರ್ಕ್ ನಗರಕ್ಕೆ ಬಂದವರು, ಬಸ್ಸಿನವರೂ ಬೇರೆ ದಾರಿಯವರೂ ಸೇರಿ, ಎರಡು ಲಕ್ಷ ದಾಟಿದರು. ಸೂರಿಲ್ಲ ಅಂತ ಬಂದವರಿಗೆ ನಗರ ಸೂರು ಕೊಡಲೇಬೇಕು ಅಂತ ಅಲ್ಲಿ 1981ರ ಒಂದು ಕೋರ್ಟ್ ಒಪ್ಪಂದ ಇದೆ. ಹೀಗಾಗಿ ಮ್ಯಾನ್‌ಹ್ಯಾಟನ್‌ನ ಹಳೆಯ ರೂಸ್‌ವೆಲ್ಟ್ ಹೋಟೆಲನ್ನೇ ಬಾಡಿಗೆಗೆ ಹಿಡಿದು ಬಂದವರ ಕೇಂದ್ರ ಮಾಡಿದರು. ತಮಾಷೆ ಅಂದರೆ ಆಗ ಆ ಹೋಟೆಲ್ ಪಾಕಿಸ್ತಾನದ ಸರ್ಕಾರಿ ವಿಮಾನ ಕಂಪನಿಯದಾಗಿತ್ತು! 2023ರ ಸೆಪ್ಟೆಂಬರ್ ಹೊತ್ತಿಗೆ ಮೇಯರ್ ಎರಿಕ್ ಆಡಮ್ಸ್, ಅವರೂ ಆಗಿನ ಅಧ್ಯಕ್ಷ ಬೈಡನ್ ಅವರ ಡೆಮಾಕ್ರಟಿಕ್ ಪಕ್ಷದವರೇ, ಈ ಸಮಸ್ಯೆ ನ್ಯೂಯಾರ್ಕನ್ನು ಹಾಳು ಮಾಡಿಬಿಡುತ್ತದೆ ಅಂತ ಬಹಿರಂಗವಾಗಿ ಹೇಳಿದರು. ವಲಸಿಗರೇ ಕಟ್ಟಿದ ಊರಿನ ಮೇಯರ್ ಬಾಯಲ್ಲಿ ಬಂದ ಮಾತು ಇದು. 2024ರ ಫೆಬ್ರವರಿಯಲ್ಲಿ, ದೇಶದ ದೊಡ್ಡ ಸಮಸ್ಯೆ ಯಾವುದು ಅಂತ ಗ್ಯಾಲಪ್‌ನವರು ಕೇಳಿದಾಗ ನೂರಕ್ಕೆ 28 ಮಂದಿ ತಾವಾಗಿಯೇ ವಲಸೆಯ ಹೆಸರು ಹೇಳಿದರು. ಬೆಲೆ ಏರಿಕೆಗಿಂತ ಮೇಲೆ.

ಆಮೇಲೆ ಏನಾಯ್ತು? ಮೆಕ್ಸಿಕೊ ತನ್ನ ಕಡೆಯಲ್ಲಿ ಬಿಗಿ ಮಾಡಿತು. 2024ರ ಜೂನ್‌ನಲ್ಲಿ ಬೈಡನ್ ಕೂಡ ಆಶ್ರಯ ಕೇಳುವುದಕ್ಕೆ ಕಡಿವಾಣ ಹಾಕಿದರು. ಅದೇ ವರ್ಷದ ಡಿಸೆಂಬರ್‌ಗೆ ಎರಡೂವರೆ ಲಕ್ಷ ಇದ್ದದ್ದು 47,000ಕ್ಕೆ ಇಳಿದಿತ್ತು. ಆದರೆ ಅದು ಯಾರ ಗಮನಕ್ಕೂ ಬರಲಿಲ್ಲ, ಅವರ ಪಕ್ಷ ಚುನಾವಣೆ ಸೋತಿತು. ಟ್ರಂಪ್ 2025ರ ಜನವರಿ 20ರಂದು ಬಂದ ದಿನವೇ ಗಡಿಯಲ್ಲಿ ಆಶ್ರಯದ ದಾರಿಯನ್ನು ಮುಚ್ಚಿದರು, ಸೈನ್ಯ ಕಳಿಸಿದರು. ಆ ವರ್ಷದ ಬೇಸಿಗೆಗೆ ತಿಂಗಳಿಗೆ ಐದಾರು ಸಾವಿರಕ್ಕೆ ಬಂತು.

ಮನೆಯಲ್ಲಿ ಹಾಲು ಕಾಯಿಸುವಾಗ ನಾವು ಮಾಡುವುದೂ ಇದನ್ನೇ ಅಲ್ವಾ? ಉಕ್ಕಿ ಬಂದ ಕೂಡಲೇ ಓಡಿಹೋಗಿ ಉರಿ ಇಳಿಸುತ್ತೇವೆ. ತೀರಾ ಸಣ್ಣಗಾಯ್ತು ಅನ್ನಿಸಿದರೆ ಸ್ವಲ್ಪ ಏರಿಸುತ್ತೇವೆ. ಹಾಲಿನ ಮೇಲೆ ದ್ವೇಷ ಬಂದು ಉರಿ ಇಳಿಸುವುದಿಲ್ಲ. "ವಲಸೆ ಕಡಿಮೆ ಆಗಲಿ" ಅನ್ನುವ ಉತ್ತರವನ್ನು ನಾನು ಓದುವುದು ಹೀಗೆ. ಅದರಲ್ಲಿ ದೊಡ್ಡ ಪಾಲು "ಒಲೆ ಹತ್ತಿರ ಯಾರಾದರೂ ಇದ್ದೀರಾ?" ಅನ್ನುವ ಕೂಗು. ಹಳೆಯ ಅಂಕಿ ನೋಡಿದರೂ ಇದೇ ಕಾಣುತ್ತದೆ. 1990ರ ದಶಕದ ನಡುವೆ ಕಡಿಮೆ ಆಗಲಿ ಅಂದವರು 65 ಮಂದಿ. ಆಗ ಕ್ಯಾಲಿಫೋರ್ನಿಯಾದಲ್ಲಿ ದಾಖಲೆ ಇಲ್ಲದವರ ಮಕ್ಕಳಿಗೆ ಸರ್ಕಾರಿ ಶಾಲೆಯೂ ಬೇಡ ಅನ್ನುವ ಪ್ರಸ್ತಾವಕ್ಕೆ ಜನ ಮತ ಹಾಕಿ ಗೆಲ್ಲಿಸಿದ್ದರು (ಕೋರ್ಟು ಅದನ್ನು ತಡೆಯಿತು). 2020ರಲ್ಲಿ, ಅಂದರೆ ಟ್ರಂಪ್ ಮೊದಲ ಸಲ ಬಾಗಿಲು ಬಿಗಿ ಮಾಡಿ ನಾಲ್ಕು ವರ್ಷ ಆಗುವ ಹೊತ್ತಿಗೆ, ಆ ಪ್ರಶ್ನೆಯ ಇತಿಹಾಸದಲ್ಲಿ ಮೊದಲ ಬಾರಿ ಜಾಸ್ತಿ ಆಗಲಿ ಅಂದವರು (34) ಕಡಿಮೆ ಆಗಲಿ ಅಂದವರನ್ನು (28) ಮೀರಿಸಿದರು. ಬೈಡನ್ ಬಂದರು, ಮತ್ತೆ ಉಕ್ಕಿತು. ಟ್ರಂಪ್ ಬಂದರು, ಮತ್ತೆ ಇಳಿಯಿತು. ರಿಪಬ್ಲಿಕನ್ನರಲ್ಲೇ ಕಡಿಮೆ ಆಗಲಿ ಅಂದವರು 2024ರಲ್ಲಿ 88, ಮರುವರ್ಷ 48. ತಮ್ಮ ನಾಯಕ ಒಲೆ ಹತ್ತಿರ ನಿಂತಿದ್ದಾನೆ ಅಂದ ಮೇಲೆ ಅವರಿಗೆ ಕೂಗುವ ಅವಸರ ಉಳಿಯಲಿಲ್ಲ. ಇನ್ನೊಂದು ಕಡೆ, ಮನೆ, ಅಂಗಡಿ, ಕೋರ್ಟಿನ ಮೆಟ್ಟಿಲ ಹತ್ತಿರ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಅಧಿಕಾರಿಗಳು ಜನರನ್ನು ಹಿಡಿದೊಯ್ಯುವ ವೀಡಿಯೊಗಳು ಹರಿದಾಡಿ ಬೇರೆಯವರಿಗೆ ಇದು ಅತಿಯಾಯ್ತು ಅನ್ನಿಸಿತು.

ಆದರೆ ಗಡಿ ಒಂದೇ ಎಲ್ಲವನ್ನೂ ವಿವರಿಸುತ್ತದೆ ಅಂದುಕೊಳ್ಳುವ ಮೊದಲು ಕೆನಡಾ ನೋಡಬೇಕು. ಅಲ್ಲಿಗೆ ನದಿ ದಾಟಿ ಸಾವಿರಾರು ಜನ ದಡದಲ್ಲಿ ಕೂತಿರಲಿಲ್ಲ. ಬಂದವರಲ್ಲಿ ಬಹುಪಾಲು ಜನ ವಿಮಾನದಲ್ಲಿ, ವೀಸಾ ಇಟ್ಟುಕೊಂಡೇ ಬಂದರು. ವಲಸೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ದೇಶ ಅದು. ವಲಸೆ ಅತಿಯಾಯ್ತು ಅಂದವರು 2022ರಲ್ಲಿ ನೂರಕ್ಕೆ 27 ಇದ್ದರು. 2023ರಲ್ಲಿ 44, 2024ರಲ್ಲಿ 58. ಎನ್ವಿರಾನಿಕ್ಸ್ ಅನ್ನುವ ಸಂಸ್ಥೆ ದಶಕಗಳಿಂದ ಕೇಳುತ್ತಿರುವ ಪ್ರಶ್ನೆ ಇದು. ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ, ಮನೆ ಬಾಡಿಗೆ. ಕಾಲೇಜುಗಳು ಹೊರದೇಶದ ವಿದ್ಯಾರ್ಥಿಗಳನ್ನು ಮಿತಿಯಿಲ್ಲದೆ ತುಂಬಿಕೊಂಡವು, 2023ರಲ್ಲಿ ದೇಶದ ಜನಸಂಖ್ಯೆ ಒಂದೇ ವರ್ಷದಲ್ಲಿ ಶೇ 3ಕ್ಕೂ ಜಾಸ್ತಿ ಬೆಳೆಯಿತು, ಮನೆಗಳು ಮಾತ್ರ ಅಷ್ಟು ಬೆಳೆಯಲಿಲ್ಲ. ಒಂದು ಬೇಸ್‌ಮೆಂಟಿನಲ್ಲಿ ಏಳೆಂಟು ಹುಡುಗರು ಪಾಳಿಯಲ್ಲಿ ಮಲಗುವ ಕಥೆಯನ್ನು ಅಲ್ಲಿಗೆ ಹೋದ ನಮ್ಮ ಕಡೆಯ ಮಕ್ಕಳೂ ಹೇಳುತ್ತಾರೆ. ಕೊನೆಗೆ ಸರ್ಕಾರವೇ ವಿದ್ಯಾರ್ಥಿ ವೀಸಾಕ್ಕೆ ಮಿತಿ ಹಾಕಿತು, ಕಾಯಂ ನಿವಾಸಿಗಳ ಗುರಿಯನ್ನು 5 ಲಕ್ಷದಿಂದ 3.95 ಲಕ್ಷಕ್ಕೆ ಇಳಿಸಿತು. ಅಲ್ಲೂ ಜನ ಕೇಳಿದ್ದು ಅದೇ, ಇಷ್ಟು ಜನರಿಗೆ ಎಲ್ಲಿ ಮನೆ ಅಂತ ಯಾರಾದರೂ ಲೆಕ್ಕ ಹಾಕಿದ್ದೀರಾ?

ಇನ್ನು ಒಂದರಲ್ಲಿ ಬೇಡ, ಇನ್ನೊಂದರಲ್ಲಿ ಒಳ್ಳೆಯದು ಯಾಕೆ ಬರುತ್ತದೆ ಅನ್ನುವುದು. ನೀವು ಟೀಚರಾಗಿದ್ದವರು. ಪ್ರಶ್ನೆ ಹೇಗೆ ಕೇಳುತ್ತೀರೋ ಹಾಗೆ ಉತ್ತರ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ.

2000ದ ದಶಕದಲ್ಲಿ ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಓದುವಾಗ ಸಂಜೆ 5ರಿಂದ 9ರವರೆಗೆ ಸಮೀಕ್ಷೆಯ ಫೋನ್ ಕೆಲಸ ಮಾಡುತ್ತಿದ್ದೆ. ತಲೆಗೆ ಹೆಡ್‌ಫೋನ್. ಎದುರಿಗೆ ಕಂಪ್ಯೂಟರ್. ಅದೇ ಯಾವುದೋ ನಂಬರಿಗೆ ಡಯಲ್ ಮಾಡುತ್ತದೆ, ನಾನು ಪರದೆ ಮೇಲಿನ ಪ್ರಶ್ನೆ ಓದಬೇಕು. ಹತ್ತರಲ್ಲಿ ಎಂಟು ಮಂದಿ ಊಟದ ಹೊತ್ತು ಅಂತ ಇಟ್ಟುಬಿಡುತ್ತಿದ್ದರು. ಒಂದು ದಿನ ವಯಸ್ಸಾದ ಗಂಡಸೊಬ್ಬರು ಸಿಕ್ಕರು. ವಲಸೆಯ ಪ್ರಶ್ನೆ ಬಂತು, ಓದಿದೆ. "ಯಾರ ವಿಷಯ ಕೇಳ್ತಿದ್ದೀಯಪ್ಪ? ಪೇಪರ್ ಇಟ್ಟುಕೊಂಡು ಬಂದವರದ್ದಾ, ಹೊಳೆ ದಾಟಿ ಬಂದವರದ್ದಾ?" ಅಂದರು. ನಾನು ವಿವರಿಸುವಂತಿಲ್ಲ. ಅದು ನಿಯಮ. ನಾನು ಒಂದು ಮಾತು ಸೇರಿಸಿದರೆ ಇವರ ಉತ್ತರವೂ ಇನ್ನೊಬ್ಬರ ಉತ್ತರವೂ ಒಂದೇ ಪ್ರಶ್ನೆಯದು ಆಗೋದಿಲ್ಲ. ಅಕ್ಷರ ಬಿಡದೆ ಮತ್ತೆ ಓದಿದೆ. ಅವರು ಮತ್ತೆ ಅದನ್ನೇ ಕೇಳಿದರು. ಹಿಂದೆ ಮೇಲ್ವಿಚಾರಕಿ ಕಿವಿ ಕೊಟ್ಟು ಕೇಳುತ್ತಿದ್ದಾರೆ. ಮೂರನೇ ಸಲ ಓದಿದೆ. "ಹಾಗಾದ್ರೆ ಕಡಿಮೆ ಅಂತ ಬರ್ಕೊ" ಅಂದರು. ಬರೆದುಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಮಾತು ಇಂಡಿಯಾದವರ ಥರ ಇದೆ. ನಿನ್ನ ಬಗ್ಗೆ ಹೇಳಿದ್ದಲ್ಲ" ಅಂತ ಸೇರಿಸಿದರು. ಆ ಕೊನೆಯ ಮಾತಿಗೆ ನನ್ನ ಪರದೆ ಮೇಲೆ ಜಾಗ ಇರಲಿಲ್ಲ.

ಪತ್ರಿಕೆಯಲ್ಲಿ "ಇಷ್ಟು ಶೇಕಡಾ ಜನ ವಲಸೆ ವಿರೋಧಿಗಳು" ಅಂತ ಓದುವಾಗ ನನಗೆ ಆ ಮನುಷ್ಯ ನೆನಪಾಗುತ್ತಾರೆ. ಅವರಿಗೆ ವಲಸೆ ಅನ್ನುವ ಒಂದು ವಸ್ತುವೇ ಇರಲಿಲ್ಲ. ಎರಡು ಇದ್ದವು. ಪ್ರಶ್ನೆಯಲ್ಲಿ ಒಂದೇ ಇತ್ತು.

ಇನ್ನೊಂದು ಲೆಕ್ಕ ನೋಡಿ, ನಿಮಗೆ ಇಷ್ಟವಾಗಬಹುದು. 2024ರ ಗ್ಯಾಲಪ್ ಸಮೀಕ್ಷೆಯಲ್ಲಿ, ದಾಖಲೆ ಇಲ್ಲದ ಎಲ್ಲರನ್ನೂ ಗಡೀಪಾರು ಮಾಡಬೇಕು ಅನ್ನುವುದಕ್ಕೆ ನೂರಕ್ಕೆ 47 ಮಂದಿ ಹೂಂ ಅಂದರು. ಅದೇ ಜನಕ್ಕೆ, ದಾಖಲೆ ಇಲ್ಲದವರು ಕೆಲವು ಷರತ್ತು ಪೂರೈಸಿದರೆ ಮುಂದೆ ಪೌರತ್ವ ಕೊಡಬಹುದಾ ಅಂತ ಕೇಳಿದರು. 70 ಮಂದಿ ಹೂಂ. ಕೂಡಿಸಿದರೆ 117. ಅಂದರೆ ನೂರರಲ್ಲಿ ಕಡೇಪಕ್ಷ 17 ಮಂದಿ ಎಲ್ಲರನ್ನೂ ಹೊರಗೆ ಹಾಕಿ ಅಂತಲೂ, ಅವರಿಗೇ ಪೌರತ್ವ ಕೊಡಿ ಅಂತಲೂ ಒಂದೇ ಫೋನ್ ಕರೆಯಲ್ಲಿ ಹೇಳಿದ್ದಾರೆ. ಇವರನ್ನು ದಡ್ಡರು ಅಂತ ನಗುವವರನ್ನು ನೋಡಿದ್ದೇನೆ. ನನಗೆ ಹಾಗೆ ಅನ್ನಿಸೋದಿಲ್ಲ. "ಏನಾದರೂ ಒಂದು ಮಾಡಿ ಮುಗಿಸಿ, ಸುಮ್ನೆ ಹೀಗೆ ತೂಗುಬಿಡಬೇಡಿ" ಅನ್ನುವುದಕ್ಕೆ ಪಟ್ಟಿಯಲ್ಲಿ ಬೇರೆ ಖಾನೆ ಇಲ್ಲ. ಸಿಕ್ಕ ಎರಡೂ ಖಾನೆಗೆ ಟಿಕ್ ಹಾಕುತ್ತಾರೆ.

ನಿಮ್ಮ ಮನಸ್ಸಿನಲ್ಲಿರುವ ನಿಜವಾದ ಪ್ರಶ್ನೆ ಬೇರೆ ಅಂತ ನನಗೆ ಗೊತ್ತು. ಇದರಲ್ಲಿ ಬಣ್ಣ, ಜನಾಂಗ ಇಲ್ಲವಾ? ಇದೆ. ಇಲ್ಲ ಅನ್ನುವವರು ಆ ದೇಶದ ಚರಿತ್ರೆ ಓದಿಲ್ಲ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲೇ ಇದ್ದ ಭಗತ್ ಸಿಂಗ್ ಥಿಂದ್ ಅನ್ನುವ ಪಂಜಾಬಿಯನ್ನು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನೀನು ಬಿಳಿಯನಲ್ಲ, ನಿನಗೆ ಪೌರತ್ವ ಇಲ್ಲ ಅಂದಿತ್ತು. ಅದಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರದ್ದೂ ಹೋಯಿತು. 1946ರಲ್ಲಿ ದೊಡ್ಡ ಮನಸ್ಸು ಮಾಡಿ ಭಾರತಕ್ಕೆ ವರ್ಷಕ್ಕೆ 100 ಮಂದಿಯ ಕೋಟಾ ಕೊಟ್ಟರು. ನೂರು! ಆ ದೇಶವಾರು ಕೋಟಾ ಹೋಗಿ ನಮ್ಮಂಥವರಿಗೆ ಬಾಗಿಲು ತೆರೆದದ್ದು 1965ರ ಕಾನೂನಿನಿಂದ. ಗ್ಯಾಲಪ್‌ನ ಆ ಪ್ರಶ್ನೆ ಶುರುವಾದದ್ದೂ ಅದೇ ವರ್ಷ. ವಲಸೆ ಜಾಸ್ತಿ ಆಗಲಿ ಅಂದವರು ಆಗ ನೂರಕ್ಕೆ 7 ಮಂದಿ. ಆ ಕಾನೂನು ಬರದೇ ಇದ್ದಿದ್ದರೆ ನಿಮ್ಮ ಮಗಳು ನ್ಯೂಜೆರ್ಸಿಗೆ ಹೋಗುವುದೂ ಕಷ್ಟವಿತ್ತು.

ಫೋನಿನಲ್ಲಿ ಜನ ಈ ಬಣ್ಣ, ಜನಾಂಗದ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಉಚ್ಚಾರಣೆ ಕೇಳಿದ ಕೂಡಲೇ ದನಿ ಮೆತ್ತಗಾಗುತ್ತಿತ್ತು ಅಂತ ನಾನೇ ಹೇಳಬಲ್ಲೆ. ಹಾಗಾಗಿ ಸಂಶೋಧಕರು ಒಂದು ಉಪಾಯ ಮಾಡುತ್ತಾರೆ. ಅರ್ಧ ಜನಕ್ಕೆ ಮೂರು ವಿಷಯದ ಪಟ್ಟಿ ಕೊಡುತ್ತಾರೆ, ಉಳಿದರ್ಧಕ್ಕೆ ಅದೇ ಮೂರು ಜೊತೆಗೆ ವಲಸೆಯ ಒಂದು. "ಇವುಗಳಲ್ಲಿ ನಿಮಗೆ ಒಪ್ಪಿಗೆಯಿಲ್ಲದವು ಎಷ್ಟು? ಯಾವುದು ಅಂತ ಹೇಳಬೇಡಿ, ಸಂಖ್ಯೆ ಮಾತ್ರ ಹೇಳಿ." ಎರಡು ಗುಂಪಿನ ಸರಾಸರಿಯಲ್ಲಿ ಬರುವ ವ್ಯತ್ಯಾಸವೇ ಬಚ್ಚಿಟ್ಟ ಉತ್ತರ. ಹೀಗೆ ಕೇಳಿದಾಗ ವಿರೋಧ ನೇರವಾಗಿ ಕೇಳಿದ್ದಕ್ಕಿಂತ ಜಾಸ್ತಿ ಬಂದಿದೆ. ಅದರಲ್ಲೂ ಓದಿದವರು, ಉದಾರಿಗಳು ಅಂತ ಹೇಳಿಕೊಳ್ಳುವವರಲ್ಲಿ ಈ ಬಚ್ಚಿಡುವಿಕೆ ಹೆಚ್ಚು. ಆದ್ದರಿಂದ 79 ಅನ್ನುವ ಆ ಸುಂದರ ಸಂಖ್ಯೆಯಲ್ಲಿ ಸ್ವಲ್ಪ ನೀರು ಬೆರೆತಿದೆ ಅಂತಲೇ ಇಟ್ಟುಕೊಳ್ಳಿ.

ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಜೆನ್ಸ್ ಹೈನ್‌ಮ್ಯುಲ್ಲರ್, ಡೇನಿಯಲ್ ಹಾಪ್ಕಿನ್ಸ್ ಅನ್ನುವ ಇಬ್ಬರು ಪ್ರೊಫೆಸರುಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನಾಭಿಪ್ರಾಯವನ್ನು ಬೇರೆ ಥರ ಕೇಳಿದ್ದಾರೆ. ಇಬ್ಬರು ಕಾಲ್ಪನಿಕ ಅರ್ಜಿದಾರರನ್ನು ಅಕ್ಕಪಕ್ಕ ಇಟ್ಟು ಯಾರನ್ನು ಒಳಗೆ ಬಿಡುತ್ತೀರಿ ಅನ್ನುವುದು. ಒಬ್ಬರು ಡಾಕ್ಟರ್, ಇನ್ನೊಬ್ಬರು ಕಟ್ಟಡ ಸ್ವಚ್ಛ ಮಾಡುವವರು. ಒಬ್ಬರು ಭಾರತದವರು, ಇನ್ನೊಬ್ಬರು ಜರ್ಮನಿಯವರು. ಒಬ್ಬರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಇನ್ನೊಬ್ಬರಿಗೆ ದುಭಾಷಿ ಬೇಕು. ಇಂಥ ಜೋಡಿಗಳನ್ನು ಅದಲುಬದಲು ಮಾಡಿ ಮತ್ತೆ ಮತ್ತೆ ತೋರಿಸಿದರು. ಗೆದ್ದವರು ಯಾರು? ಓದಿದವರು, ಇಂಗ್ಲಿಷ್ ಬರುವವರು, ಕೈಯಲ್ಲಿ ಕೆಲಸ ಇಟ್ಟುಕೊಂಡು ಬರುವವರು. ಸೋತವರು, ಹಿಂದೆ ಒಮ್ಮೆ ಅನುಮತಿ ಇಲ್ಲದೆ ದೇಶದೊಳಗೆ ಬಂದವರು. ಇರಾಕ್ ಒಂದನ್ನು ಬಿಟ್ಟರೆ ಯಾವ ದೇಶ ಅನ್ನುವುದು ಅಷ್ಟೇನೂ ತೂಗಲಿಲ್ಲ. ಆಶ್ಚರ್ಯ ಅಂದರೆ ರಿಪಬ್ಲಿಕನ್, ಡೆಮಾಕ್ರಟ್, ಬಡವ, ಶ್ರೀಮಂತ ಎಲ್ಲರೂ ಹೆಚ್ಚುಕಡಿಮೆ ಒಂದೇ ಥರ ಆರಿಸಿದ್ದರು. ಆ ಕಾಗದದ ಮೇಲಿನ ಅರ್ಜಿದಾರರಲ್ಲಿ ನಿಮ್ಮ ಅಳಿಯನೂ ಇದ್ದರೆ ಹೆಚ್ಚಿನವರು ಅವರನ್ನೇ ಆರಿಸುತ್ತಿದ್ದರು.

ಹಾಗಾದರೆ ಎಚ್-1ಬಿ ಮೇಲೆ ಯಾಕೆ ಇಷ್ಟು ಸಿಟ್ಟು? ಕಾಗದದ ಮೇಲಿನ ಮನುಷ್ಯ ಬೇರೆ, ಪಕ್ಕದ ಕುರ್ಚಿಯಲ್ಲಿ ಕೂರುವವನು ಬೇರೆ. ಹೊಸ ಎಚ್-1ಬಿ ವೀಸಾದ ಮಿತಿ ವರ್ಷಕ್ಕೆ 65,000, ಅಲ್ಲೇ ಮೇಲಿನ ಪದವಿ ಓದಿದವರಿಗೆ ಇನ್ನೂ 20,000. ಹೊಸದು, ನವೀಕರಣ ಎಲ್ಲ ಸೇರಿಸಿದರೆ ಮಂಜೂರಾದ ಅರ್ಜಿಗಳಲ್ಲಿ ಹತ್ತರಲ್ಲಿ ಏಳು ಭಾರತೀಯರದ್ದು. 33 ಕೋಟಿ ದಾಟಿದ ದೇಶಕ್ಕೆ ಇದು ಏನೇನೂ ಅಲ್ಲ. ಆದರೆ ಈ ಜನ ಎಲ್ಲ ಕಡೆ ಸಮನಾಗಿ ಹರಡಿಲ್ಲ. ಕೆಲವೇ ಊರು, ಕೆಲವೇ ಕಚೇರಿ. ಒಂದು ಕಂಪನಿ ತನ್ನ ಕಂಪ್ಯೂಟರ್ ವಿಭಾಗದವರನ್ನು ಕರೆದು, ನಿಮ್ಮ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟಿದ್ದೇವೆ, ಬರುವ ಹುಡುಗರಿಗೆ ಮೂರು ತಿಂಗಳು ಕಲಿಸಿಕೊಟ್ಟು ಹೋಗಿ ಅಂದರೆ ಆ ನೌಕರನ ಮುಂದೆ ಯಾವ ಅಂಕಿ ಇಟ್ಟು ಏನು ಪ್ರಯೋಜನ? ಇಂಥದ್ದು ನಡೆದಿದೆ, ಅಲ್ಲಿನ ಪತ್ರಿಕೆಗಳಲ್ಲಿ ದೊಡ್ಡದಾಗಿಯೇ ಬಂದಿದೆ. ಕಂಪನಿಯ ಮೇಲೆ ಬರಬೇಕಾದ ಸಿಟ್ಟು ಕುರ್ಚಿಯಲ್ಲಿ ಬಂದು ಕೂತವನ ಮೇಲೆ ಬರುತ್ತದೆ.

ಇದು ನಮಗೆ ಅರ್ಥವಾಗದ ವಿಷಯವೇನಲ್ಲ. 2024ರ ಜುಲೈಯಲ್ಲಿ ನಮ್ಮ ಕರ್ನಾಟಕ ಸರ್ಕಾರ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟದಲ್ಲಿ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಗಲಾಟೆ ಮಾಡಿದ ಕೂಡಲೇ ತಡೆಹಿಡಿಯಿತಲ್ಲ, ಆ ವಾರ ನನ್ನ ಪರಿಚಯದವರೊಬ್ಬರು ಬೆಳಿಗ್ಗೆ "ಹೊರಗಿನವರಿಂದ ಬೆಂಗಳೂರಿನಲ್ಲಿ ನಮ್ಮ ಹುಡುಗರಿಗೆ ಕೆಲಸ ಇಲ್ಲ" ಅಂತ ವಾಟ್ಸಾಪ್ ಕಳಿಸಿ, ಸಂಜೆ "ಮಗನ ಎಚ್-1ಬಿ ಲಾಟರಿ ಈ ಸಲವೂ ಬರಲಿಲ್ಲ, ಅಮೆರಿಕದವರಿಗೆ ಎಷ್ಟು ಹೊಟ್ಟೆಕಿಚ್ಚು ನೋಡಿ" ಅಂತ ಕಳಿಸಿದ್ದರು. ಎರಡೂ ಮನಃಪೂರ್ವಕ ಮಾತೇ. ಆ 17 ಮಂದಿಯಲ್ಲಿ ಇವರನ್ನೂ ಸೇರಿಸಿಕೊಳ್ಳಬಹುದು.

ಈಗ ನಿಮ್ಮ ಮನೆಯ ವಿಷಯ. ಒಂದು ಲಕ್ಷ ಡಾಲರ್ ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರು ಹೋಗಿಬರುವುದಕ್ಕೆ ಅಲ್ಲ ಅಂತ ಅಮೆರಿಕ ಸರ್ಕಾರ ಆ ಶನಿವಾರವೇ ಹೇಳಿತು. ಅಷ್ಟು ಹೊತ್ತಿಗೆ ನಿಮ್ಮ ಅಳಿಯ ವಿಮಾನ ಹತ್ತಿಬಿಟ್ಟಿದ್ದರು. ಅವರೊಬ್ಬರೇ ಅಲ್ಲ, ಅವತ್ತು ಹಾಗೆ ಓಡಿದವರು ಬಹಳ ಮಂದಿ.

ಅವರು 9 ವರ್ಷದಿಂದ ಎಚ್-1ಬಿಯಲ್ಲೇ ಇದ್ದಾರೆ ಅಂದರೆ, 6 ವರ್ಷಕ್ಕೆ ಮುಗಿಯಬೇಕಾದ ವೀಸಾ ಮುಂದುವರಿದಿರುವುದು ಬಹುಶಃ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವುದರಿಂದ. ಆ ಸಾಲು ಜನರ ಸಿಟ್ಟಿನಿಂದ ಉದ್ದವಾದದ್ದಲ್ಲ. 1990ರ ಕಾನೂನಿನಲ್ಲಿ ಒಂದು ಲೆಕ್ಕ ಇದೆ. ಕೆಲಸದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಯಾವ ದೇಶಕ್ಕೂ ಮಾಮೂಲಿಯಾಗಿ ಶೇ 7ಕ್ಕಿಂತ ಜಾಸ್ತಿ ಇಲ್ಲ. ನಾಲ್ಕು ಲಕ್ಷ ಜನರ ಐಸ್‌ಲ್ಯಾಂಡಿಗೂ ಅದೇ ಮಿತಿ, 140 ಕೋಟಿಯ ಭಾರತಕ್ಕೂ ಅದೇ ಮಿತಿ. ಇದನ್ನು ತೆಗೆಯುವ ಮಸೂದೆ 2019ರ ಜುಲೈಯಲ್ಲಿ ಅಮೆರಿಕದ ಕೆಳಮನೆಯಲ್ಲಿ 365ಕ್ಕೆ 65 ಮತಗಳಿಂದ ಪಾಸಾಯಿತು. ಎರಡೂ ಪಕ್ಷದವರು ಕೈ ಎತ್ತಿದ್ದರು. ಮರುವರ್ಷ ಡಿಸೆಂಬರ್‌ನಲ್ಲಿ ಸೆನೆಟ್ ತನ್ನದೇ ಬೇರೆ ರೂಪದಲ್ಲಿ ಪಾಸು ಮಾಡಿತು. ಎರಡನ್ನೂ ಒಂದು ಮಾಡುವ ಮೊದಲು ಸಂಸತ್ತಿನ ಆ ಅವಧಿ ಮುಗಿದುಹೋಯಿತು, ಮಸೂದೆ ಬಿದ್ದುಹೋಯಿತು. ಅದಕ್ಕೆ ಸಾಮಾನ್ಯ ಅಮೆರಿಕನ್ನರ ನಡುವೆ ದೊಡ್ಡ ಗದ್ದಲವೇನೂ ಆಗಲಿಲ್ಲ, ಪರವಾಗಿಯೂ ಇಲ್ಲ, ವಿರೋಧವಾಗಿಯೂ ಇಲ್ಲ. ನಾನು ಫೋನ್ ಹಿಡಿದು ಪ್ರಶ್ನೆ ಓದಿದ ಅಷ್ಟೂ ಸಂಜೆಗಳಲ್ಲಿ ಈ ಶೇ 7ರ ಬಗ್ಗೆ ಒಂದು ಪ್ರಶ್ನೆಯೂ ನನ್ನ ಪರದೆ ಮೇಲೆ ಬಂದದ್ದಿಲ್ಲ.